ಸಾಲಿನಲ್ಲಿ ಒಂದು ಮಣ್ಣಿನ ಮಡಕೆ

ಗುಂಡಿ ಒತ್ತಿದರೆ ಉದ್ದ ಗಿಡ್ಡ ಕಂಬಗಳು ತಾವಾಗಿಯೇ ಜಾಗ ಬದಲಿಸಿಕೊಂಡು ಕ್ರಮವಾಗಿ ನಿಲ್ಲುವ ಚಿತ್ರವೊಂದನ್ನು ನಾವು ಮೊದಲು ಮಾಡಿದ್ದೆವು. ನೋಡಲು ಚೆನ್ನಾಗಿತ್ತು. ಹಿರಿಯೂರಿನ ಖಾಸಗಿ ಕಾಲೇಜೊಂದರ ಲ್ಯಾಬಿನಲ್ಲಿ ಅದನ್ನು ತೋರಿಸಿದಾಗ ವಿದ್ಯಾರ್ಥಿಗಳು ಇನ್ನೊಂದು ಸಲ ಹಾಕಿ ಎಂದರು. ಅವರಿಗೆ ಪ್ರೋಗ್ರಾಮಿಂಗ್ ಕಲಿಸುವ ಮೇಡಂ ಮಾತ್ರ ಹಿಂದಿನ ಗೋಡೆಗೆ ಒರಗಿ ಕೈಕಟ್ಟಿ ನಿಂತಿದ್ದರು. ಕ್ಲಾಸ್ ಮುಗಿದ ಮೇಲೆ ನನ್ನ ಬಳಿ ಬಂದರು.

"ಸರ್, ಇದು ಸಿನಿಮಾ ಆಯ್ತು. ಸಿನಿಮಾ ನೋಡ್ದೋರೆಲ್ಲ ಫೈಟ್ ಮಾಡಾಕೆ ಕಲ್ತವ್ರಾ?"

ಅವರು ನಗುತ್ತಲೇ ಕೇಳಿದ್ದರು. ಆದರೆ ಅದೇ ವಾರ ಅವರು ಕೊಟ್ಟ ಸಣ್ಣ ಪರೀಕ್ಷೆಯಲ್ಲಿ, ಆ ಚಿತ್ರವನ್ನು ಮತ್ತೆ ಮತ್ತೆ ನೋಡಿದವರಲ್ಲಿ ಹೆಚ್ಚಿನವರಿಗೆ ಎರಡನೆಯ ಹೆಜ್ಜೆ ಏನೆಂದು ಬರೆಯಲು ಬಂದಿರಲಿಲ್ಲ.

ನಾನು ಬಹಳ ವರ್ಷ ಪತ್ರಿಕೆಯ ಡೆಸ್ಕಿನಲ್ಲಿದ್ದವನು. ಅದು ಮುಗಿದ ಮೇಲೆ, ಕನ್ನಡದಲ್ಲಿ ಆನ್‌ಲೈನ್ ಪ್ರೋಗ್ರಾಮಿಂಗ್ ಕೋರ್ಸ್ ಮಾಡುವ ಸಣ್ಣ ತಂಡವೊಂದಕ್ಕೆ ಸೇರಿದೆ. ಚಿತ್ರದುರ್ಗದಲ್ಲಿ ಔಷಧಿ ಅಂಗಡಿಯೊಂದರ ಮೇಲಿನ ಎರಡು ಕೋಣೆಯೇ ನಮ್ಮ ಕಚೇರಿ. ಹೊಳಲ್ಕೆರೆಯಿಂದ ದಿನವೂ ಬಸ್ಸಿನಲ್ಲಿ ಬಂದು ಹೋಗುವ ಒಬ್ಬ ಹುಡುಗಿ ಚಿತ್ರ ಬರೆದು ಅದಕ್ಕೆ ಚಲನೆ ಕೊಡುತ್ತಿದ್ದಳು. ವಿದ್ಯಾರ್ಥಿ ಏನು ಮಾಡಬೇಕು, ಸರಿಯಾದರೆ ಪರದೆ ಏನು ಹೇಳಬೇಕು, ತಪ್ಪಾದರೆ ಏನು ಹೇಳಬೇಕು ಎಂದು ಬರೆಯುವುದು, ಬರೆದದ್ದನ್ನು ಪರೀಕ್ಷಿಸುವುದು ನನ್ನ ಕೆಲಸ. ಒಂದು ಕೆಲಸವನ್ನು ಯಾವ ಹೆಜ್ಜೆಯ ಮೇಲೆ ಯಾವ ಹೆಜ್ಜೆ ಇಟ್ಟು ಮುಗಿಸಬೇಕು ಎಂಬ ಕ್ರಮಕ್ಕೆ ಅಲ್ಗಾರಿದಮ್ ಎನ್ನುತ್ತಾರೆ. ಆ ಹೆಜ್ಜೆಗಳು ಕಣ್ಣಿಗೆ ಕಾಣುವಂತೆ ಮಾಡುವುದು ನಮ್ಮ ಉದ್ದೇಶ. ಕಂಡರೆ ಸಾಕು ಎಂದು ಅಲ್ಲಿಯವರೆಗೆ ನಂಬಿದ್ದೆವು.

ಮೇಡಂ ತಮ್ಮ ಕ್ಲಾಸ್ ನೋಡಲು ಕರೆದರು. ಹೋಗಿ ಹಿಂದೆ ಕುಳಿತೆ. ಅವರು ಒಂದಷ್ಟು ವಿದ್ಯಾರ್ಥಿಗಳನ್ನು ಹಲಗೆಯ ಮುಂದೆ ಸಾಲಾಗಿ ನಿಲ್ಲಿಸಿದರು. ಎತ್ತರಕ್ಕೆ ತಕ್ಕಂತೆ ಸಾಲು ಸರಿಯಾಗಬೇಕು, ಆದರೆ ಪಕ್ಕಪಕ್ಕದ ಇಬ್ಬರನ್ನು ಮಾತ್ರ ಹೋಲಿಸಬಹುದು. ಪ್ರತಿ ಹೆಜ್ಜೆಗೂ ಮುಂಚೆ ಅವರು ನಿಂತು "ಮುಂದೇನು?" ಎನ್ನುತ್ತಿದ್ದರು. ಬೆಂಚಿನಿಂದ ಉತ್ತರ ಬರುವವರೆಗೆ ಯಾರೂ ಅಲುಗಾಡುವಂತಿಲ್ಲ. ಉತ್ತರ ತಪ್ಪಾಗಿದ್ದರೂ ಅದರಂತೆಯೇ ಇಬ್ಬರು ಜಾಗ ಬದಲಿಸುತ್ತಿದ್ದರು. ಸಾಲು ಕೆಡುತ್ತಿತ್ತು. ಕೆಟ್ಟದ್ದು ಬೆಂಚಿನವರಿಗೇ ಕಾಣುತ್ತಿತ್ತು.

"ಲೇ, ಗಿಡ್ಡಪ್ಪನ್ನ ಎಲ್ಲಿ ನಿಲ್ಸಿದ್ರಲೇ? ಎಮ್ಮೆ ನಡುವೆ ಕರ ಇದ್ದಂಗೈತೆ!" ಎಂದು ಯಾರೋ ಕೂಗಿದರು. ಗಿಡ್ಡಪ್ಪ ಎನಿಸಿಕೊಂಡವನು "ನಿಮ್ಮಪ್ಪನ ಎಮ್ಮೆ" ಎಂದ. ಇಡೀ ಕ್ಲಾಸ್ ನಕ್ಕಿತು. ಮೇಡಂ ಕೂಡ ನಕ್ಕು, ಮತ್ತೆ "ಮುಂದೇನು?" ಎಂದರು.

ಅವರ ಧ್ವನಿ ದೊಡ್ಡದು. ಕಾರಿಡಾರಿನ ಆ ತುದಿಗೂ ಕೇಳುತ್ತಿತ್ತು. ಮೈಕ್ ಕೇಳಿದವರಲ್ಲ.

ಆ ದಿನದ ನಂತರ ನಾವು ಚಿತ್ರಗಳಿಂದ ಗುಂಡಿಯನ್ನು ತೆಗೆದುಹಾಕಿದೆವು. ವಿದ್ಯಾರ್ಥಿ ಕೈಯಿಂದ ಎಳೆದು ಇಡುವವರೆಗೆ ಪರದೆಯ ಮೇಲೆ ಏನೂ ಅಲುಗಾಡುವುದಿಲ್ಲ. ಮುಂದಿನ ಹೆಜ್ಜೆ ಯಾವುದೆಂದು ಅವನೇ ಹೇಳಬೇಕು. ಪಕ್ಕದವರದ್ದನ್ನು ನೋಡಿ ಮಾಡದಂತೆ ಒಬ್ಬೊಬ್ಬರಿಗೆ ಒಂದೊಂದು ಬಗೆಯ ಅಂಕಿ ಬರುವಂತೆ ಮಾಡಿದೆವು. ನಾನು ಬರೆದ ಸೂಚನೆಗಳನ್ನು ಮೇಡಂ ಒಂದೊಂದಾಗಿ ಓದಿ ಅರ್ಧಕ್ಕರ್ಧ ಹೊಡೆದುಹಾಕಿದರು. "ತಪ್ಪು ಅಂತ ಹೇಳಬ್ಯಾಡ್ರಿ ಸರ್. ತಪ್ಪು ಮಾಡಾಕೆ ಬಿಡ್ರಿ. ಆಮೇಲೆ ಏನಾಗ್ತೈತೆ ಅಂತ ತೋರಿಸ್ರಿ ಸಾಕು." ಹಾಗೆ ಮಾಡಿದ ಮೇಲೆ ಪರೀಕ್ಷೆಯ ಉತ್ತರಗಳು ಸುಧಾರಿಸಿದವು.

ಅವರ ಗಂಟಲು ಕಟ್ಟಲು ಶುರುವಾದದ್ದು ಅದೇ ಅವಧಿಯಲ್ಲಿ. ಮೊದಲು ಸೀಮೆಸುಣ್ಣದ ಧೂಳು ಎಂದರು. ಬಿಸಿನೀರು, ಜ್ಯೇಷ್ಠಮಧು, ಶುಂಠಿ ಎಲ್ಲ ಆಯಿತು. ಕ್ಲಾಸಿನ ಕೊನೆಯ ಹೊತ್ತಿಗೆ ಮಾತು ಒಡೆಯುತ್ತಿತ್ತು, ನಂತರ ಶುರುವಿನಲ್ಲೇ ಒಡೆಯತೊಡಗಿತು. ದಾವಣಗೆರೆಯಲ್ಲಿ ತೋರಿಸಿದಾಗ ಧ್ವನಿಪೆಟ್ಟಿಗೆಯಲ್ಲಿ ಗಡ್ಡೆ ಇದೆ ಎಂದರು. ಕೆಟ್ಟ ಗಡ್ಡೆಯಲ್ಲ, ಆದರೆ ತೆಗೆಯಲೇಬೇಕು. ತೆಗೆದ ಮೇಲೆ ಧ್ವನಿ ಎಷ್ಟು ಮರಳುತ್ತದೆ, ಮರಳುತ್ತದೆಯೋ ಇಲ್ಲವೋ, ಈಗಲೇ ಹೇಳಲಾಗದು.

ಅವರು ಅತಿಥಿ ಉಪನ್ಯಾಸಕಿ. ವರ್ಷ ವರ್ಷವೂ ಹೊಸದಾಗಿ ನೇಮಕವಾಗಬೇಕು. ಧ್ವನಿ ಇಲ್ಲದವರನ್ನು ಪಾಠಕ್ಕೆ ಇಟ್ಟುಕೊಳ್ಳುವ ಬಗ್ಗೆ ಕಾಲೇಜಿನ ಆಡಳಿತ ಮಂಡಳಿಯಲ್ಲಿ ಮಾತು ಎದ್ದಿತ್ತು. ಪ್ರಿನ್ಸಿಪಾಲರು ನನ್ನನ್ನು ಕರೆಸಿದರು. ಕುರ್ಚಿ ತೋರಿಸಿ "ಕುಂತ್ಕಳ್ರಿ" ಎಂದರು. ಎದುರಿನ ಫೈಲುಗಳನ್ನು ಪಕ್ಕಕ್ಕೆ ಸರಿಸಿ ಮಾತು ತೆಗೆದರು.

"ನೋಡ್ರಿ, ನನಗೆ ಅವರ ಮೇಲೆ ಏನೂ ಇಲ್ಲ. ಒಳ್ಳೆ ಪಾಠ ಮಾಡ್ತಾರೆ. ಆಪರೇಷನ್ ಆಗಿ ಬಂದ ಮೇಲೆ ನಿಮ್ಮ ಈ ಕಂಪ್ಯೂಟರ್ ಅಭ್ಯಾಸ ಇಟ್ಕಂಡು ಒಂದು ಕ್ಲಾಸ್ ಮಾಡಿ ತೋರಿಸ್ಲಿ. ನಾನೇ ಬಂದು ಕೂರ್ತೀನಿ. ಮಂಡಳಿಗೆ ನಾನೇ ಬರೀತೀನಿ." ಫೈಲೊಂದನ್ನು ಮತ್ತೆ ಎದುರಿಗೆ ಎಳೆದುಕೊಂಡರು. "ಆದ್ರೆ ಒಂದು ಮಾತು. ಅಭ್ಯಾಸ ಚೆನ್ನಾಗಿ ನಡೀತು ಅನ್ಕಳ್ರಿ, ಕಂಪ್ಯೂಟರೇ ಕಲ್ಸಾದಾದ್ರೆ ಮೇಡಂ ಯಾಕೆ ಅಂತ ಕೇಳ್ತಾರೆ. ನಡೀಲಿಲ್ಲ ಅನ್ಕಳ್ರಿ, ಮಾತೇ ಇಲ್ದೋರು ಯಾಕೆ ಅಂತ ಕೇಳ್ತಾರೆ. ಎರಡಕ್ಕೂ ನನ್ನ ಹತ್ರ ಉತ್ತರ ಇಲ್ಲ."

ಈ ಮಾತನ್ನು ನಾನು ಮೇಡಂಗೆ ಹಾಗೆಯೇ ತಿಳಿಸಿದೆ. ಸುದ್ದಿಯನ್ನು ಮೃದು ಮಾಡಿ ಹೇಳುವುದು ನನಗೆ ಬರುವುದಿಲ್ಲ, ಅವರಿಗೂ ಅದು ಬೇಕಿರಲಿಲ್ಲ. ಅವರು ಒಡೆದ ಧ್ವನಿಯಲ್ಲಿ "ಗೊತ್ತಿತ್ತು ಬಿಡ್ರಿ" ಎಂದರು. ಅವರು ಆಸ್ಪತ್ರೆಗೆ ಸೇರುವ ಮೊದಲು ನಾನು ಕೇಳಿದ ಕೊನೆಯ ಮಾತುಗಳಲ್ಲಿ ಅದೂ ಒಂದು.

ಅವರು ಇಲ್ಲದ ಆ ದಿನಗಳಲ್ಲಿ ನಾವು ಕ್ಯೂ ಎಂಬ ಪಾಠದ ಅಭ್ಯಾಸವನ್ನು ತಯಾರಿಸುತ್ತಿದ್ದೆವು. ಮೊದಲು ಬಂದದ್ದು ಮೊದಲು ಹೋಗಬೇಕು, ಹೊಸದಾಗಿ ಬಂದದ್ದು ಕೊನೆಯಲ್ಲಿ ನಿಲ್ಲಬೇಕು, ನಡುವೆ ನುಗ್ಗುವಂತಿಲ್ಲ. ಅಷ್ಟೇ ನಿಯಮ. ಇಡೀ ಕೋರ್ಸಿನಲ್ಲಿ ಇದಕ್ಕಿಂತ ಸುಲಭವಾದ ಪಾಠವಿಲ್ಲ ಎಂದು ನಾವು ಎಣಿಸಿದ್ದೆವು.

ಯಾವ ಚಿತ್ರ ಹಾಕುವುದು ಎಂದು ಯೋಚಿಸುವಾಗ ನಮ್ಮ ಹುಡುಗಿಯೇ ನೀರಿನ ಸಾಲು ಎಂದಳು. ಹಳ್ಳಿಗಳಲ್ಲಿ ಬೀದಿಯ ಮಿನಿ ಟ್ಯಾಂಕಿನ ನಲ್ಲಿಯ ಮುಂದೆ ಜನ ನಿಲ್ಲುವುದಿಲ್ಲ, ಕೊಡ ನಿಲ್ಲುತ್ತದೆ. ಬೆಳಗ್ಗೆ ಕೊಡ ಇಟ್ಟು ಹೊಲಕ್ಕೋ ಹಟ್ಟಿಗೋ ಹೋದವರು ಕರೆಂಟು ಬಂದು ಮೋಟರು ಓಡಿದಾಗ ಬರುತ್ತಾರೆ. ಕೊಡ ಇದ್ದಲ್ಲಿ ಅವರ ಸರದಿ ಇರುತ್ತದೆ. ಕ್ಯೂ ಕಲಿಸಲು ಇದಕ್ಕಿಂತ ಒಳ್ಳೆಯ ಚಿತ್ರ ಸಿಗಲಿಕ್ಕಿಲ್ಲ ಎಂದು ನಾನು ಒಪ್ಪಿದೆ.

ಮೊದಲು ಎಲ್ಲವನ್ನೂ ಬಣ್ಣಬಣ್ಣದ ಪ್ಲಾಸ್ಟಿಕ್ ಕೊಡಗಳನ್ನಾಗಿ ಬರೆದಳು. ಆದರೆ ಆ ಕಾಲೇಜಿನ ಪ್ರೊಜೆಕ್ಟರ್ ಹಳೆಯದು, ಕೆಂಪು ಕಿತ್ತಳೆ ಎರಡೂ ಒಂದೇ ಆಗಿ ಕಾಣುತ್ತವೆ. ಹಾಗಾಗಿ ಬಣ್ಣದ ಬದಲು ಆಕಾರದಲ್ಲಿ ವ್ಯತ್ಯಾಸ ಮಾಡೋಣ ಎಂದು ನಿರ್ಧರಿಸಿದೆವು. ಒಂದು ಪ್ಲಾಸ್ಟಿಕ್ ಕೊಡ, ಒಂದು ಸ್ಟೀಲಿನ ಬಿಂದಿಗೆ, ಒಂದು ಹಿತ್ತಾಳೆಯದು, ಒಂದು ಎಣ್ಣೆ ಡಬ್ಬ, ಒಂದು ಬಿಳಿ ಕ್ಯಾನು. ಇನ್ನೊಂದು ಆಕಾರ ಬೇಕಾಗಿತ್ತು. ಅವಳು ಮಣ್ಣಿನ ಮಡಕೆ ಬರೆದಳು. ದುಂಡಗೆ, ಕೆಂಪಗೆ, ಚೆನ್ನಾಗಿ ಬಂದಿತ್ತು. ನಾನು ನೋಡಿ ಸರಿ ಎಂದೆ. ಅವಳದ್ದು ಹೊಳಲ್ಕೆರೆ ಪೇಟೆ, ನನ್ನದು ದುರ್ಗದ ಕೋಟೆಯ ಕೆಳಗಿನ ಬೀದಿ. ಇಬ್ಬರ ಮನೆಯಲ್ಲೂ ನಲ್ಲಿ ಇತ್ತು.

ಇನ್ನೊಂದು ವಿಷಯವನ್ನೂ ಇಲ್ಲಿ ಹೇಳಬೇಕು. ಕ್ಯೂ ಅಭ್ಯಾಸದಲ್ಲಿ ತಪ್ಪು ಹೆಜ್ಜೆಯ ಪರಿಣಾಮವನ್ನು ಕಣ್ಣಿಗೆ ಕಾಣಿಸುವುದು ಕಷ್ಟವಾಯಿತು. ಯಾವ ಪಾತ್ರೆಯನ್ನು ಮೊದಲು ತುಂಬಿದರೂ ಅದು ತುಂಬುತ್ತದೆ, ಸಾಲು ಕೆಟ್ಟಂತೆ ಕಾಣುವುದಿಲ್ಲ. ಕೇಳೋಣವೆಂದರೆ ಮೇಡಂ ಇರಲಿಲ್ಲ. ಆದ್ದರಿಂದ ಇದೊಂದರಲ್ಲಿ ಮಾತ್ರ ಕೆಂಪು ಗೆರೆ ಎಳೆದು "ತಪ್ಪು. ಮೊದಲು ಬಂದದ್ದು ಮೊದಲು" ಎಂದು ಬರೆದೆವು.

ಮೇಡಂ ಕಾಲೇಜಿಗೆ ಮರಳಿದರು. ಕುತ್ತಿಗೆಗೆ ತೆಳ್ಳನೆಯ ಬಟ್ಟೆ ಸುತ್ತಿಕೊಂಡಿದ್ದರು. ಇನ್ನೂ ಕೆಲವು ವಾರ ಪಿಸುಮಾತೂ ಆಡಬಾರದು ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರಂತೆ. ಮಕ್ಕಳ ಸ್ಲೇಟೊಂದನ್ನು ಚೀಲದಲ್ಲಿ ಇಟ್ಟುಕೊಂಡು, ಹೇಳುವುದನ್ನು ಅದರಲ್ಲಿ ಬರೆದು ತೋರಿಸುತ್ತಿದ್ದರು. ಪ್ರಿನ್ಸಿಪಾಲರು ಕೂರುವ ಕ್ಲಾಸಿನ ದಿನ ಗೊತ್ತಾಯಿತು. ಅದಕ್ಕೆ ಮುಂಚೆ ವಿದ್ಯಾರ್ಥಿಗಳು ಹೊಸ ಅಭ್ಯಾಸವನ್ನು ಫೋನಿನಲ್ಲಿ ಒಮ್ಮೆ ಮಾಡಿಬರಬೇಕಿತ್ತು. ಅದರ ವರದಿ ನಮಗೂ ಬರುತ್ತದೆ, ಕಾಲೇಜಿಗೂ ಹೋಗುತ್ತದೆ.

ವರದಿ ಬಂದ ಬೆಳಗ್ಗೆ ನಮ್ಮ ಹುಡುಗಿ ಪರದೆಯನ್ನು ನನ್ನ ಕಡೆ ತಿರುಗಿಸಿದಳು.

"ಸರ್, ಏನೋ ಕೈಕೊಟ್ಟೈತೆ. ಕಷ್ಟದ್ ಪಾಠ ಎಲ್ಲ ಪಾಸು, ಕ್ಯೂನಾಗೆ ಢಮಾರ್."

ಕ್ಲಾಸಿನ ಬಹುಪಾಲು ಜನ ಕ್ಯೂ ಅಭ್ಯಾಸದಲ್ಲಿ ತಪ್ಪಿದ್ದರು. ಬೇರೆ ಬೇರೆ ತಪ್ಪಲ್ಲ, ಎಲ್ಲರದ್ದೂ ಒಂದೇ. ಮಡಕೆ ಸಾಲಿನಲ್ಲಿ ಎಲ್ಲೇ ಇರಲಿ, ಅದನ್ನು ಎಳೆದು ನಲ್ಲಿಯ ಕೆಳಗೆ ಮೊದಲು ಇಟ್ಟಿದ್ದರು. ಆಮೇಲೆ ಉಳಿದವನ್ನು ಸರಿಯಾದ ಕ್ರಮದಲ್ಲೇ ತುಂಬಿದ್ದರು.

"ಕಾಪಿ ಹೊಡೆದಿರ್ಬೇಕು" ಎಂದಳು.

"ಒಬ್ಬೊಬ್ಬರಿಗೆ ಒಂದೊಂದು ಬಗೆಯ ಸಾಲು ಬರುತ್ತಲ್ಲಮ್ಮ. ಹೇಗೆ ಕಾಪಿ ಹೊಡೆಯುತ್ತಾರೆ?"

"ಹಂಗಾದ್ರೆ ಪ್ರೋಗ್ರಾಮ್ ತಪ್ಪಿರ್ಬೇಕು." ಅವಳು ಕೂತು ಎಲ್ಲವನ್ನೂ ಮತ್ತೆ ನೋಡಿದಳು. ಪ್ರೋಗ್ರಾಮ್ ತಪ್ಪಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಪ್ರಿನ್ಸಿಪಾಲರ ಫೋನ್ ಬಂತು. ವರದಿಯನ್ನು ಅವರೂ ನೋಡಿದ್ದರು. "ಏನ್ರಿ ಇದು, ಸಾಲಾಗಿ ನಿಲ್ಲಾದೇ ಬರಲಿಲ್ಲ ಅಂದ್ರೆ? ಇದನ್ನ ಮಂಡಳಿಗೆ ಹೆಂಗೆ ತೋರಿಸ್ಲಿ?" ಕ್ಲಾಸ್ ಮರುದಿನವೇ ಇತ್ತು. ಬೇರೆ ಅಭ್ಯಾಸ ಹಾಕುತ್ತೇವೆ, ಎತ್ತರದ ಸಾಲಿನದ್ದು ಚೆನ್ನಾಗಿ ಬಂದಿದೆ ಎಂದೆ. ಏನಾದರೂ ಮಾಡಿ ಎಂದು ಅವರು ಫೋನ್ ಇಟ್ಟರು.

ನಾನು ಮೇಡಂಗೆ ವರದಿ ಕಳಿಸಿ, ನಾಳೆಗೆ ಕ್ಯೂ ಬದಲು ಹಳೆಯ ಪಾಠವನ್ನು ಹಾಕಬಹುದು ಎಂದು ಸಂದೇಶ ಬರೆದೆ. ಸಂಜೆ ಉತ್ತರ ಬಂತು. "ತೆಗೆಯಬೇಡಿ. ಅದೇ ಇರಲಿ."

ಏಕೆಂದು ಕೇಳಿದೆ. "ನಾಳೆ ನೋಡೋಣ" ಎಂದಷ್ಟೇ ಬರೆದರು.

ಮರುದಿನ ನಾನೂ ನಮ್ಮ ಹುಡುಗಿಯೂ ಹಿರಿಯೂರಿಗೆ ಹೋದೆವು. ಲ್ಯಾಬಿನ ಕಿಟಕಿಗಳಿಗೆ ಹಳೆಯ ಬೆಡ್‌ಶೀಟ್ ಕಟ್ಟಿ ಕತ್ತಲೆ ಮಾಡಿದ್ದರು. ಪ್ರಿನ್ಸಿಪಾಲರು ಕೊನೆಯ ಬೆಂಚಿನಲ್ಲಿ ಕುಳಿತರು, ಅವರ ಪಕ್ಕ ನಾವು. ವಿದ್ಯಾರ್ಥಿಗಳು ಎಂದಿಗಿಂತ ಸುಮ್ಮನಿದ್ದರು. ಮೇಡಂ ಕೆಲಸದ ವಿಷಯ ಅವರಿಗೂ ಗೊತ್ತಿತ್ತು ಎಂದು ಆಮೇಲೆ ತಿಳಿಯಿತು.

ಮೇಡಂ ಬಂದು ಹಲಗೆಯ ಮೇಲೆ "ಕ್ಯೂ" ಎಂದು ಬರೆದರು. ಪರದೆಯ ಮೇಲೆ ನಲ್ಲಿ, ಅದರ ಮುಂದೆ ಪಾತ್ರೆಗಳ ಸಾಲು ಮೂಡಿತು. ಮಡಕೆ ಕೊನೆಯಿಂದ ಎರಡನೆಯದಾಗಿತ್ತು. ಅವರು ಹುಡುಗಿಯೊಬ್ಬಳಿಗೆ ಕೈ ತೋರಿಸಿ ಕರೆದರು. ಧರ್ಮಪುರದ ಕಡೆಯ ಹಳ್ಳಿಯಿಂದ ಬರುವವಳು, ಕ್ಲಾಸಿನಲ್ಲಿ ಅಷ್ಟಾಗಿ ಬಾಯಿ ಬಿಡದವಳು. ಅವಳು ಎದ್ದು ಬಂದು ಮೌಸ್ ಹಿಡಿದು, ನೇರವಾಗಿ ಮಡಕೆಯನ್ನೇ ಎಳೆದು ನಲ್ಲಿಯ ಕೆಳಗಿಟ್ಟಳು.

ಕೆಂಪು ಗೆರೆ ಬಂತು. ತಪ್ಪು. ಮೊದಲು ಬಂದದ್ದು ಮೊದಲು.

ಅವಳು ಪರದೆ ನೋಡಿದಳು, ಮೇಡಂ ಕಡೆ ನೋಡಿದಳು, ಜಾಗಕ್ಕೆ ಹೋಗಲು ತಿರುಗಿದಳು. ಮೇಡಂ ಕೈ ಅಡ್ಡ ಹಿಡಿದು ನಿಲ್ಲಿಸಿದರು. ಹಲಗೆಯ ಮೇಲೆ "ಯಾಕೆ?" ಎಂದು ದೊಡ್ಡದಾಗಿ ಬರೆದು ಅವಳ ಕಡೆ ತೋರಿಸಿದರು.

ಅವಳಿಗಿಂತ ಮೊದಲು ಬೆಂಚಿನಿಂದ ಒಬ್ಬ ಹುಡುಗ ಹೇಳಿದ. "ಮೇಡಂ, ಅದು ಮಡಿಕೆ ಮೇಡಂ."

"ಮಡಿಕೆ ಆದ್ರೆ ಏನಲೇ? ಅದಕ್ಕೇನ್ ಕೊಂಬ್ ಬಂದವಾ?" ಇದು ಹಿರಿಯೂರು ಪೇಟೆಯ ಹುಡುಗ.

"ನೀನ್ ಸುಮ್ಕಿರಪ್ಪ, ಬಾಟ್ಲಿ ನೀರು ಕುಡ್ಯೋನೇ. ನಲ್ಲಿ ಮುಂದೆ ಯಾವತ್ತಾರ ಕೊಡ ಇಟ್ಟಿದ್ಯಾ?"

"ಇಟ್ಟಿಲ್ಲ. ಅದಕ್ಕೇ ನನ್ದು ರೈಟ್ ಬಂತು, ನಿನ್ದು ರಾಂಗ್ ಬಂತು."

ಎಲ್ಲರೂ ನಕ್ಕರು. ಪ್ರಿನ್ಸಿಪಾಲರೂ ಮೀಸೆಯಲ್ಲೇ ನಕ್ಕರು. ಮೇಡಂ ನಗಲಿಲ್ಲ. ಸೀಮೆಸುಣ್ಣದಿಂದ "ಯಾಕೆ?" ಎಂಬುದರ ಕೆಳಗೆ ಇನ್ನೊಂದು ಗೆರೆ ಎಳೆದರು. ಆಗ ಹಲಗೆಯ ಪಕ್ಕ ನಿಂತಿದ್ದ ಹುಡುಗಿ ನೆಲ ನೋಡುತ್ತ ಹೇಳಿದಳು.

"ಅದು ಸಾವಿನ್ ಮನೇದು ಮೇಡಂ."

ನಗು ನಿಂತಿತು.

"ನಲ್ಲಿತಾಕೆ ಹೊಸ ಮಡಿಕೆ ಬಂತು ಅಂದ್ರೆ ಯಾರೋ ಹೋಗವ್ರೆ ಅಂತ. ಮೈ ತೊಳ್ಯಾಕೆ ನೀರು ಬೇಕಲ್ಲ. ನಮ್ಮಪ್ಪ ಹೋದಾಗ ನಮ್ ಮಡಿಕೆನೂ ಮುಂದಕ್ಕೆ ಇಟ್ರು. ನಮ್ ಜೊತೆ ಮಾತು ಬಿಟ್ಟೋರೇ ಎತ್ತಿ ಇಟ್ರು. ಯಾರೂ ಕೇಳಲ್ಲ ಮೇಡಂ. ಕೇಳ್ಬಾರ್ದು."

ಬೇಸಿಗೆಯಲ್ಲಿ ಕುಡಿಯುವ ನೀರಿಗೆ ಮಡಕೆ ಇಟ್ಟುಕೊಳ್ಳುವವರು ಈಗಲೂ ಇದ್ದಾರೆ. ಆದರೆ ಆ ಮಡಕೆ ಮನೆಯೊಳಗೆ ಮರಳಿನ ಮೇಲೆ ಕೂತಿರುತ್ತದೆ. ಕೊಡದಲ್ಲಿ ತಂದ ನೀರನ್ನು ಅದಕ್ಕೆ ಸುರಿಯುತ್ತಾರೆ. ಅದನ್ನು ಹೊತ್ತು ನಲ್ಲಿಗೆ ಯಾರೂ ಬರುವುದಿಲ್ಲ. ಬರುವುದು ಒಂದೇ ಸಂದರ್ಭದಲ್ಲಿ. ನಾವು ಆಕಾರ ಬೇರೆ ಇರಲೆಂದು ಬರೆದ ಪಾತ್ರೆಯಲ್ಲಿ ಆ ಹಳ್ಳಿಗಳ ವಿದ್ಯಾರ್ಥಿಗಳಿಗೆ ಒಂದು ಹೆಣ ಕಂಡಿತ್ತು. ಅದನ್ನು ಸಾಲಿನಲ್ಲಿ ಕಾಯಿಸಲು ಅವರಿಗೆ ಕೈ ಬಂದಿರಲಿಲ್ಲ. ಪರದೆ ಅವರಿಗೆ ತಪ್ಪು ಎಂದು ಹೇಳಿತ್ತು.

ನಮ್ಮ ಹುಡುಗಿ ನನ್ನ ಪಕ್ಕದಲ್ಲಿ ಕೈಯನ್ನು ಬಾಯಿಯ ಮೇಲೆ ಇಟ್ಟುಕೊಂಡಳು.

ಮೇಡಂ ಆ ವಿದ್ಯಾರ್ಥಿನಿಯ ಹತ್ತಿರ ಹೋಗಿ ಅವಳ ಭುಜದ ಮೇಲೆ ಕೈಯಿಟ್ಟು ನಿಂತರು. ಬೇರೆ ಸಮಯದಲ್ಲಾಗಿದ್ದರೆ ಒಂದು ಮಾತು ಹೇಳುತ್ತಿದ್ದರು. ಹೇಳಲು ಅವರ ತುಟಿ ತೆರೆದುಕೊಂಡದ್ದನ್ನೂ, ನೆನಪಾಗಿ ಮುಚ್ಚಿಕೊಂಡದ್ದನ್ನೂ ನಾನು ಕಂಡೆ. ನಂತರ ಅವರು ಹಲಗೆಗೆ ಹೋಗಿ ಇನ್ನೊಂದು ಪ್ರಶ್ನೆ ಬರೆದರು.

"ಎರಡು ಮಡಕೆ ಬಂದರೆ?"

"ಹಂಗೆಲ್ಲ ಎರಡು ಬರಲ್ಲ ಮೇಡಂ" ಎಂದ ಒಬ್ಬ.

"ಬರಲ್ಲ ಅಂತೀಯಲ್ಲಲೇ, ಕೊರೋನಾದಾಗೆ ಬರಲಿಲ್ವಾ? ನಮ್ಮೂರಾಗೆ ಒಂದೇ ದಿನ ಬಂದ್ವು."

"ಆವಾಗ ಹೆಂಗ್ ಮಾಡಿದ್ರಿ?" ಎಂದು ಪೇಟೆಯ ಹುಡುಗ ಕೇಳಿದ.

"ಯಾವ್ದು ಮೊದ್ಲು ಬಂತೋ ಅದು ಮೊದ್ಲು. ಆಮೇಲೆ ಇನ್ನೊಂದು. ಆಮೇಲೆ ಕೊಡಗಳು."

"ಕೊಡಗಳು ಹೆಂಗೆ?"

"ಮೊದ್ಲು ಹೆಂಗಿದ್ವೋ ಹಂಗೇ. ಅವು ಯಾಕೆ ಕೆಡ್ತವೆ?"

ಪೇಟೆಯ ಹುಡುಗ ಎದ್ದು ನಿಂತ. ಅವನ ದನಿಯಲ್ಲಿ ಕೀಟಲೆ ಇರಲಿಲ್ಲ. "ಮೇಡಂ, ಹಂಗಾದ್ರೆ ಇವು ಎರಡು ಸಾಲು. ಮಡಿಕೇದೇ ಒಂದು, ಕೊಡದ್ದೇ ಒಂದು. ಮಡಿಕೆ ಸಾಲು ಮುಗಿಯೋತಂಕ ಕೊಡದ ಸಾಲು ಮುಟ್ಟಂಗಿಲ್ಲ."

ಮೇಡಂ ಅವನಿಗೆ ಸೀಮೆಸುಣ್ಣ ಕೊಟ್ಟರು. ಅವನು ಹಲಗೆಯ ಮೇಲೆ ಎರಡು ಸಾಲು ಬರೆದ. ಮಡಕೆಯ ಸಾಲು ಖಾಲಿ ಇದ್ದರೆ ಏನು ಮಾಡಬೇಕು, ಕೊಡ ತುಂಬುತ್ತಿರುವಾಗ ನಡುವೆ ಮಡಕೆ ಬಂದರೆ ಏನು ಮಾಡಬೇಕು ಎಂದು ಬೆಂಚುಗಳ ನಡುವೆ ವಾದ ಹತ್ತಿತು. ತುಂಬುತ್ತಿರುವುದನ್ನು ತೆಗೆಯಬಾರದು ಎಂದು ಕೆಲವರು, ತೆಗೆದರೂ ಯಾರೂ ಏನೂ ಅನ್ನುವುದಿಲ್ಲ ಎಂದು ಕೆಲವರು. ಅವರು ಮುಟ್ಟಿದ್ದು ನಮ್ಮ ಕೋರ್ಸಿನಲ್ಲಿ ಬಹಳ ಮುಂದೆ ಬರುವ ಪಾಠವೊಂದನ್ನು. ತುರ್ತಿಗೆ ತಕ್ಕಂತೆ ಸರದಿ ಕೊಡುವ ಕ್ಯೂ ಅದು. ಅದನ್ನು ವಿವರಿಸಲು ನಾನು ಎರಡು ಪುಟ ಬರೆದಿದ್ದೆ.

ಪ್ರಿನ್ಸಿಪಾಲರು ಕೂತಲ್ಲಿಂದಲೇ, ಯಾರಿಗೆಂದಿಲ್ಲದೆ, "ಶ್ರೀರಾಂಪುರದ ಕಡೆನೂ ಹಂಗೇ ಕಣ್ರಪ್ಪ. ನಮ್ಮೂರಾಗೂ ಹಂಗೇ" ಎಂದರು. ಹುಡುಗರು ತಿರುಗಿ ನೋಡಿದರು. ಪ್ರಿನ್ಸಿಪಾಲರು ನಲ್ಲಿಯ ಮುಂದೆ ಕೊಡ ಇಟ್ಟವರಿರಬಹುದು ಎಂದು ಅವರು ಅಲ್ಲಿಯವರೆಗೆ ಯೋಚಿಸಿರಲಿಕ್ಕಿಲ್ಲ.

ಧರ್ಮಪುರವು ಜಿಲ್ಲೆಯ ಒಂದು ಅಂಚಿಗಿದ್ದರೆ ಶ್ರೀರಾಂಪುರ ಇರುವುದು ಇನ್ನೊಂದು ಕಡೆ, ಹೊಸದುರ್ಗ ತಾಲ್ಲೂಕಿನಲ್ಲಿ. ಎರಡು ಬೇರೆ ಬೇರೆ ಕಡೆಯಿಂದ ಒಂದೇ ಮಾತು ಬಂದಿತ್ತು. ಪತ್ರಿಕೆಯಲ್ಲಿದ್ದಾಗ ಒಬ್ಬರೇ ಹೇಳಿದ್ದನ್ನು ನಾವು ಅಚ್ಚು ಮಾಡುತ್ತಿರಲಿಲ್ಲ. ಇಬ್ಬರು ಹೇಳಿದರೆ ಮಾಡುತ್ತಿದ್ದೆವು.

ಕ್ಲಾಸ್ ಮುಗಿದ ಮೇಲೆ ಮೇಡಂಗೆ ಕೇಳಿದೆ. ನಿನ್ನೆ ವರದಿ ನೋಡಿದಾಗಲೇ ನಿಮಗೆ ಗೊತ್ತಾಗಿತ್ತೆ? ಅವರು ಸ್ಲೇಟು ತೆಗೆದು ಬರೆದರು. "ನಾನು ಮತ್ತೋಡಿನವಳು. ನಮ್ಮ ಹಳ್ಳಿಯಲ್ಲೂ ಹಾಗೇ." ಸ್ವಲ್ಪ ಯೋಚಿಸಿ ಒರೆಸಿ, ಮತ್ತೆ ಬರೆದರು. "ಅವಳ ತಂದೆ ಹೋದದ್ದು ಗೊತ್ತಿರಲಿಲ್ಲ. ಗೊತ್ತಿದ್ದರೆ ಅವಳನ್ನು ಕರೆಯುತ್ತಿರಲಿಲ್ಲ." ಅದನ್ನೂ ಒರೆಸಿದರು. ಅವರ ಮುಖದಲ್ಲಿ ಗೆದ್ದವರ ಕಳೆ ಇರಲಿಲ್ಲ. ಆ ಹುಡುಗಿಯನ್ನು ಹುಡುಕಿಕೊಂಡು ಕಾರಿಡಾರಿನ ಕಡೆ ಹೋದರು.

ಪ್ರಿನ್ಸಿಪಾಲರ ಕೋಣೆಯಲ್ಲಿ ಚಹಾ ಬಂತು. ಅವರು ಕಪ್ ಪಕ್ಕಕ್ಕೆ ಸರಿಸಿದರು.

"ನಿಮ್ ಕಂಪ್ಯೂಟರು ತಪ್ಪು ಅಂದು ಸುಮ್ಕಾಯ್ತು ನೋಡ್ರಿ. ಆ ಹುಡ್ಗಿ ಅಷ್ಟಕ್ಕೇ ವಾಪಸ್ ಹೋಗಿ ಕುಂತಿದ್ರೆ? ನನಗೆ ಕ್ಯೂ ಬರಲ್ಲ ಅನ್ಕಂಡೇ ಹೋಗೋಳು."

ನಾನು ಹೌದು ಎಂದೆ.

"ಮಂಡಳಿಗೆ ಏನ್ ಬರೀಲಿ? ನೀವು ಪೇಪರ್ನೋರು, ಹೇಳ್ರಿ."

"ಕಂಡದ್ದನ್ನು ಬರೆಯಿರಿ. ಅಭ್ಯಾಸ ತಪ್ಪು ಎಂದಿತು. ಏಕೆ ತಪ್ಪಿದರು ಎಂದು ಮೇಡಂ ಕೇಳಿದರು. ಅವರು ಒಂದು ಮಾತೂ ಆಡಲಿಲ್ಲ, ಕ್ಲಾಸ್ ಪೂರ್ತಿ ನಡೆಯಿತು."

ಅವರು ಅದನ್ನು ಬರೆದುಕೊಂಡರೋ ಬೇರೆ ಏನು ಬರೆದರೋ ನನಗೆ ತಿಳಿಯದು. ಮಂಡಳಿಗೆ ಹೋದ ಪತ್ರವನ್ನು ನಾನು ನೋಡಿಲ್ಲ.

ಕಚೇರಿಗೆ ಮರಳಿದ ಮೇಲೆ ಮಾಡಬೇಕಾದ ಕೆಲಸ ಬಹಳವಿತ್ತು. ಮೊದಲಿಗೆ ಆ ಕೆಂಪು ಗೆರೆಯನ್ನು ತೆಗೆದೆವು. ಸರದಿ ತಪ್ಪಿಸಿ ತುಂಬಿದರೆ, ಹಿಂದೆ ಉಳಿದ ಪಾತ್ರೆಯ ಮೇಲೆ ಅದು ಕಾದ ಹೊತ್ತು ಹೆಚ್ಚುತ್ತಾ ಹೋಗುವಂತೆ ತೋರಿಸಿದೆವು. ಮಡಕೆಯ ಜಾಗದಲ್ಲಿ ಹಿಡಿಯಿರುವ ಬಕೆಟ್ ಬಂತು. ನಮ್ಮ ಹುಡುಗಿಗೆ ಇನ್ನೊಂದು ಯೋಚನೆ ಬಂದಿತ್ತು. ತುರ್ತಿನ ಕ್ಯೂ ಪಾಠಕ್ಕೆ ಇದೇ ಮಡಕೆ ಇಡೋಣ, ಹುಡುಗರೇ ಕಂಡುಕೊಂಡ ಉದಾಹರಣೆ, ಇದಕ್ಕಿಂತ ಬೇಕೇ ಎಂದಳು. ನನಗೂ ಸರಿ ಎನ್ನಿಸಿತು. ಅವಳು ಎರಡು ಸಾಲಿನ ಚಿತ್ರ ಬರೆದು ಮೇಡಂಗೆ ಕಳಿಸಿದಳು.

ಉತ್ತರ ಬೇಗ ಬಂತು. "ಬೇಡಮ್ಮ. ಸಾವಿಗೆ ಮಾರ್ಕ್ಸ್ ಕೊಡಬಾರದು."

ಅವಳು ಚಿತ್ರವನ್ನು ಅಳಿಸಿದಳು. ಹೆದ್ದಾರಿಯ ಟೋಲ್ ಗೇಟಿನಲ್ಲಿ ಲಾರಿಗಳ ಸಾಲನ್ನು ದಾಟಿ ಹೋಗುವ ಆಂಬುಲೆನ್ಸ್ ಬರೆದಳು. ಈಗ ಕೋರ್ಸಿನಲ್ಲಿ ಇರುವುದು ಅದೇ. ಆಮೇಲೆ ಹೊಸದುರ್ಗದ ಕಾಲೇಜೊಂದು ಕೋರ್ಸ್ ತೆಗೆದುಕೊಂಡಾಗ, ಅಲ್ಲಿಗೆ ಹೋಗಿ ಪ್ರತಿ ಚಿತ್ರವನ್ನೂ ವಿದ್ಯಾರ್ಥಿಗಳಿಗೆ ತೋರಿಸಿ, ಇದರಲ್ಲಿ ನಿಮಗೆ ಏನು ಕಾಣುತ್ತದೆ ಎಂದು ಮೊದಲು ಕೇಳಿದೆವು. ಅಭ್ಯಾಸ ತಯಾರಿಸುವ ಕ್ರಮದಲ್ಲಿ ಈಗ ಅದೂ ಒಂದು ಹೆಜ್ಜೆ.

ಮಂಡಳಿಯ ಉತ್ತರ ಬರಲು ತಡವಾಯಿತು. ಆ ನಡುವೆ ಡಾಕ್ಟರು ಮೇಡಂಗೆ ಮಾತಾಡಿ ನೋಡಲು ಹೇಳಿದರು. ಧ್ವನಿ ಬಂತು, ಹಳೆಯದಲ್ಲ. ಒಣ ಎಲೆ ತುಳಿದಂಥ ಸದ್ದು, ಎರಡು ಬೆಂಚಿನಾಚೆ ಕೇಳುವುದಿಲ್ಲ. ಇದಕ್ಕಿಂತ ಹೆಚ್ಚು ಬರುವ ಸಂಭವ ಕಡಿಮೆ ಎಂದು ಡಾಕ್ಟರು ಹೇಳಿದ್ದನ್ನು ಅವರು ನನಗೆ ಫೋನಿನಲ್ಲಿ ಹೇಳಿದರು. ನಾನು ಎರಡು ಸಲ "ಏನಂದ್ರಿ?" ಎಂದು ಕೇಳಬೇಕಾಯಿತು. ಮೂರನೆಯ ಸಲ ಕೇಳಲು ಮನಸ್ಸಾಗದೆ ಅರ್ಥವಾಯಿತು ಎಂದೆ.

ಹೊಸ ಟರ್ಮ್ ಶುರುವಾಗುವ ದಿನ ನಾನು ಹಿರಿಯೂರಿನಲ್ಲಿದ್ದೆ. ಪ್ರಿನ್ಸಿಪಾಲರು ಮೇಡಂ ಅವರನ್ನೂ ನನ್ನನ್ನೂ ಒಳಗೆ ಕರೆದರು. ಮಂಡಳಿ ಒಂದು ವರ್ಷಕ್ಕೆ ಒಪ್ಪಿದೆ, ಥಿಯರಿ, ಲ್ಯಾಬ್ ಎರಡೂ ಇವೆ ಎಂದರು. ಮುಂದಿನ ವರ್ಷದ್ದು ಮುಂದಿನ ವರ್ಷ ನೋಡುತ್ತಾರಂತೆ. "ನನ್ನ ಕೈಲಿ ಆಗಿದ್ದು ಇಷ್ಟು ಮೇಡಂ" ಎಂದು ತಲೆ ತಗ್ಗಿಸಿ ಪೆನ್ನಿನ ಮುಚ್ಚಳ ತಿರುಗಿಸಿದರು.

ಮೇಡಂ ಥ್ಯಾಂಕ್ಸ್ ಎಂದರು. ಅದು ಪ್ರಿನ್ಸಿಪಾಲರಿಗೆ ಕೇಳಿಸಲಿಲ್ಲವೆಂದು ಕಾಣುತ್ತದೆ, ತಲೆಯೆತ್ತಿ "ಏನಂದ್ರಿ?" ಎಂದರು. ಮೇಡಂ ಮೇಜಿನ ಹತ್ತಿರ ಹೋಗಿ, ಸ್ವಲ್ಪ ಬಾಗಿ, ಮತ್ತೆ ಹೇಳಿದರು.

ಹೊರಗೆ ಬಂದಾಗ ಬೆಲ್ ಆಗಿತ್ತು. ಹೊಸ ಬ್ಯಾಚಿನವರು ಲ್ಯಾಬಿನ ಬಾಗಿಲಲ್ಲಿ ಗುಂಪುಗೂಡಿ ಗಲಾಟೆ ಮಾಡುತ್ತಿದ್ದರು. ಅವರಲ್ಲಿ ಯಾರೂ ಮೇಡಂ ಅವರ ಹಳೆಯ ಧ್ವನಿಯನ್ನು ಕೇಳಿದವರಲ್ಲ. ಮೇಡಂ ಒಳಗೆ ಹೋಗಿ ಹಲಗೆಯ ಮುಂದೆ ನಿಂತು ಏನೋ ಹೇಳಿದರು. ಹಿಂದಿನ ಬೆಂಚಿನವರು, ಕೇಳಿಸದೆ, ಒಬ್ಬೊಬ್ಬರಾಗಿ ಎದ್ದು ಮುಂದೆ ಬಂದು ಕುಳಿತರು.